ಕ್ರಿಕೆಟ್ ಹುಳುವಿನ ಪುಡಿ ತಿಂದರೆ ರಕ್ತಹೀನತೆ ಹೋಗುತ್ತಾ?

ಪ್ರಶ್ನೆ: "ಮೇಡಂ, ನನಗೆ 34 ವರ್ಷ. ಆರು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 10.4 ಬಂತು. ಸುಸ್ತು ಜಾಸ್ತಿ. ಗೆಳತಿಯೊಬ್ಬಳು ಕ್ರಿಕೆಟ್ ಹುಳುವಿನ (ರಾತ್ರಿ ಕಿರ್ ಕಿರ್ ಅನ್ನುವ, ಮಿಡತೆಯಂಥ ಹುಳು) ಪುಡಿಯ ಪ್ಯಾಕೆಟ್ ಕೊಟ್ಟಿದ್ದಾಳೆ. ಅದರ ಮೇಲೆ 100 ಗ್ರಾಂಗೆ 65 ಗ್ರಾಂ ಪ್ರೋಟೀನ್ ಅಂತ ಇದೆ. ಮಾಂಸಕ್ಕಿಂತ ಮೂರು ಪಟ್ಟು ಪ್ರೋಟೀನ್, ಬೇಕಾದಷ್ಟು ಕಬ್ಬಿಣ, ಬಿ12, ಕ್ಯಾಲ್ಸಿಯಂ ಎಲ್ಲ ಇದರಲ್ಲೇ ಇದೆ ಅಂತಾಳೆ. ದಿನಕ್ಕೆ ಎರಡು ಚಮಚ ತಿಂದರೆ ರಕ್ತಹೀನತೆ ಹೋಗುತ್ತಾ? ಆರು ವರ್ಷದ ಮಗ ಸರಿಯಾಗಿ ಊಟ ಮಾಡಲ್ಲ, ಅವನಿಗೂ ಗೊತ್ತಾಗದ ಹಾಗೆ ಬೆರೆಸಿ ಕೊಡಬಹುದಾ? ಒಗ್ಗಿದರೆ ಮನೆಯಲ್ಲೇ ಮೀಲ್‌ವರ್ಮ್ ಅನ್ನುವ ದುಂಬಿಯ ಮರಿಹುಳು ಸಾಕುವ ಯೋಚನೆ ಇದೆ, ಇಲ್ಲವಾದರೆ ಹೊಲದ ಮಿಡತೆ ಹಿಡಿದು ಹುರಿದುಕೊಂಡರೂ ಆಯಿತು. ಇನ್ನೊಂದು ವಿಷಯ, ಮುಖ್ಯವೋ ಅಲ್ಲವೋ ಗೊತ್ತಿಲ್ಲ. ಹತ್ತು ವರ್ಷದ ಹಿಂದೆ ಸಿಗಡಿ ತಿಂದಾಗ ತುಟಿ ಊದಿಕೊಂಡು ಗಂಟಲು ಕೆರೆದಿತ್ತು. ಆಮೇಲೆ ಸಿಗಡಿ ಮುಟ್ಟಿಲ್ಲ."

ಉತ್ತರ: ನೀವು ಕೊನೆಗೆ ಬರೆದ ವಿಷಯದಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಆ ಪ್ಯಾಕೆಟ್ ತೆರೆಯಬೇಡಿ. ರುಚಿ ನೋಡಲಿಕ್ಕೂ ಬೇಡ. ಸಿಗಡಿಗೆ ತುಟಿ ಊದಿಕೊಂಡವರು ಹುಳುವಿನ ಪುಡಿ ತಿನ್ನುವ ಮೊದಲು ಅಲರ್ಜಿ ವೈದ್ಯರನ್ನು ಕಾಣಲೇಬೇಕು.

ಸಿಗಡಿ ನೀರಿನದ್ದು, ಹುಳು ನೆಲದ್ದು, ಎರಡಕ್ಕೂ ಏನು ಸಂಬಂಧ ಅಂತ ಅನ್ನಿಸಬಹುದು. ಸಂಬಂಧ ಇದೆ, ಅದೂ ಬಹಳ ಹತ್ತಿರದ್ದು. ಸಿಗಡಿ, ಏಡಿ, ಮಿಡತೆ, ಇರುವೆ ಎಲ್ಲವೂ ಒಂದೇ ದೊಡ್ಡ ಬಳಗದವು: ಹೊರಗೆ ಗಟ್ಟಿ ಕವಚ, ಕೀಲು ಕೀಲಾದ ಕಾಲು. ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಕೀಟಗಳು ಸಿಗಡಿ, ಏಡಿಗಳ ಗುಂಪಿನ ಒಳಗಿಂದಲೇ ಕವಲೊಡೆದು ಬಂದವು ಅಂತ ಗೊತ್ತಾಗಿದೆ. ಸಿಗಡಿಯ ಅಲರ್ಜಿಗೆ ಮುಖ್ಯ ಕಾರಣ ಅದರ ಸ್ನಾಯುವಿನಲ್ಲಿರುವ ಟ್ರೋಪೋಮಯೋಸಿನ್ ಅನ್ನುವ ಪ್ರೋಟೀನ್. ಹುಳುಗಳಲ್ಲೂ ಅದೇ ಇದೆ, ಸ್ವಲ್ಪ ವ್ಯತ್ಯಾಸದೊಂದಿಗೆ. ನಿಮ್ಮ ದೇಹದ ರಕ್ಷಣಾ ವ್ಯವಸ್ಥೆಗೆ ಆ ಸಣ್ಣ ವ್ಯತ್ಯಾಸ ಕಾಣುವುದಿಲ್ಲ. ಅದು ಹಳೆಯ ಶತ್ರು ಬಂತು ಅಂತಲೇ ತಿಳಿದು ಮೈಮೇಲೆ ಬೀಳುತ್ತದೆ.

ನೆದರ್ಲೆಂಡ್ಸ್‌ನಲ್ಲಿ ಸಿಗಡಿ ಅಲರ್ಜಿ ಇದ್ದ 15 ಜನರಿಗೆ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರೇ, ಮೀಲ್‌ವರ್ಮ್ ತಿನ್ನಿಸಿ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. 13 ಜನರಿಗೆ ಅಲರ್ಜಿ ಕಾಣಿಸಿತು. ಸಣ್ಣ ಗುಂಪು ನಿಜ, ಆದರೆ 15ರಲ್ಲಿ 13 ಅಂದ್ರೆ ನಾನು ಯಾವ ಸಿಗಡಿ ಅಲರ್ಜಿಯವರಿಗೂ "ಸ್ವಲ್ಪ ತಿಂದು ನೋಡಿ" ಅಂತ ಹೇಳಲಾರೆ. ಚೆನ್ನಾಗಿ ಬೇಯಿಸಿದರೆ, ಹುರಿದರೆ ಸರಿಹೋಗುತ್ತಲ್ವಾ ಅಂತ ಬಹಳ ಜನ ಕೇಳುತ್ತಾರೆ. ಇಲ್ಲ. ಟ್ರೋಪೋಮಯೋಸಿನ್ ಬಿಸಿಗೆ ಸುಲಭವಾಗಿ ಕೆಡುವ ಪ್ರೋಟೀನ್ ಅಲ್ಲ. ಹತ್ತು ವರ್ಷದ ಹಿಂದೆ ಬರೀ ತುಟಿ ಊದಿತ್ತು, ಈ ಸಲವೂ ಅಷ್ಟೇ ಆಗುತ್ತದೆ ಅನ್ನುವ ಭರವಸೆಯೂ ಇಲ್ಲ. ಉಸಿರಾಟಕ್ಕೆ ತೊಂದರೆ, ರಕ್ತದೊತ್ತಡ ಕುಸಿಯುವುದು, ಇವು ಮೊದಲ ಸಲ ಇಲ್ಲದಿದ್ದವರಲ್ಲೂ ಮುಂದಿನ ಸಲ ಬರಬಹುದು. ಧೂಳಿನ ಅಲರ್ಜಿ ಇರುವವರೂ ಇಲ್ಲಿ ಹುಷಾರಾಗಿರಬೇಕು. ಮನೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಮೈಟ್‌ಗಳೂ ಇದೇ ಬಳಗದವು.

ಈಗ ಪ್ಯಾಕೆಟ್ ಮೇಲಿನ ಸಂಖ್ಯೆಗಳಿಗೆ ಬರೋಣ. ನೀವು ತಿನ್ನದಿದ್ದರೂ ಇದು ತಿಳಿದಿರಲಿ. ಯಾಕಂದ್ರೆ ಈ ಲೆಕ್ಕದಲ್ಲಿ ಮೋಸಹೋಗುವುದು ಬಹಳ ಸುಲಭ, ಓದಿದವರೂ ಹೋಗುತ್ತಾರೆ.

"ಮಾಂಸಕ್ಕಿಂತ ಮೂರು ಪಟ್ಟು" ಅನ್ನುವುದು ಒಣಗಿದ ಹುಳುವನ್ನು ಹಸಿ ಮಾಂಸದ ಪಕ್ಕ ಇಟ್ಟು ಮಾಡಿದ ಹೋಲಿಕೆ. ಹಸಿ ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಹಾಗಾಗಿ 100 ಗ್ರಾಂನಲ್ಲಿ 20ರಿಂದ 22 ಗ್ರಾಂ ಪ್ರೋಟೀನ್ ಕಾಣುತ್ತದೆ. ಹಸಿ ಕ್ರಿಕೆಟ್ ಹುಳುವಿನಲ್ಲೂ ನೂರಕ್ಕೆ ಸುಮಾರು 70 ಭಾಗ ನೀರೇ. ಅದನ್ನು ಹಾಗೇ ತೂಗಿದರೆ 100 ಗ್ರಾಂಗೆ ಸಿಗುವುದೂ ಸುಮಾರು 20 ಗ್ರಾಂ. ಅಂದ್ರೆ ಎರಡೂ ಸರಿಸಮ. ಕೊಬ್ಬಿಲ್ಲದ ಮಾಂಸವನ್ನು ಪೂರ್ತಿ ಒಣಗಿಸಿ ಪುಡಿ ಮಾಡಿದರೆ ಅದರ ಸಂಖ್ಯೆಯೂ 80 ದಾಟುತ್ತದೆ. ನೀರು ತೆಗೆದರೆ ಯಾವ ಆಹಾರದ ಸಂಖ್ಯೆಯಾದರೂ ಮೇಲೇರುತ್ತದೆ, ಅದರಲ್ಲಿ ಹುಳುವಿನ ಹೆಚ್ಚುಗಾರಿಕೆ ಏನೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯ ಇದೆ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಪ್ರೋಟೀನ್ ಅನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಎಷ್ಟಿದೆ ಅಂತ ಅಳೆದು, ಅದನ್ನು 6.25ರಿಂದ ಗುಣಿಸಿ, ಇಷ್ಟು ಪ್ರೋಟೀನ್ ಅಂತ ಬರೆಯುತ್ತಾರೆ. ಹೆಚ್ಚಿನ ಆಹಾರಗಳಿಗೆ ಇದು ನಡೆಯುತ್ತದೆ, ಹುಳುವಿನಲ್ಲಿ ಎಡವುತ್ತದೆ. ಹುಳುವಿನ ಹೊರಕವಚದಲ್ಲಿ ಕೈಟಿನ್ ಅಂತ ಒಂದು ನಾರು ಇದೆ, ಅದರಲ್ಲೂ ಸಾರಜನಕ ಇದೆ, ಆದರೆ ಅದು ಪ್ರೋಟೀನ್ ಅಲ್ಲ. ಲೆಕ್ಕದಲ್ಲಿ ಮಾತ್ರ ಪ್ರೋಟೀನ್ ಜೊತೆ ಸೇರಿಕೊಂಡುಬಿಡುತ್ತದೆ. ಮೀಲ್‌ವರ್ಮ್ ಥರದ ಮರಿಹುಳುಗಳಿಗೆ 6.25ರ ಬದಲು 4.76 ಬಳಸಬೇಕು ಅಂತ 2017ರಲ್ಲಿ ಸಂಶೋಧಕರು ತೋರಿಸಿದರು. ಆ ಪ್ರಕಾರ ಚೀಟಿಯಲ್ಲಿ 52 ಗ್ರಾಂ ಅಂತ ಇದ್ದರೆ ನಿಜವಾಗಿ ಇರುವುದು 40ರ ಆಸುಪಾಸು. ಕ್ರಿಕೆಟ್ ಹುಳುವಿಗೆ ಇಷ್ಟು ಇಳಿಯುವುದಿಲ್ಲ, ಆದರೂ ನಿಮ್ಮ ಪ್ಯಾಕೆಟ್‌ನ 65 ಅನ್ನು ನಾನು 50ರಿಂದ 55 ಅಂತಲೇ ಓದುತ್ತೇನೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2021ರ ಜನವರಿಯಲ್ಲಿ ಒಣ ಮೀಲ್‌ವರ್ಮ್ ಬಗ್ಗೆ ಅಭಿಪ್ರಾಯ ಕೊಟ್ಟಾಗಲೂ, ಕೈಟಿನ್ ಕಾರಣಕ್ಕೆ ಪ್ರೋಟೀನ್ ಸಂಖ್ಯೆ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ ಅಂತ ಬರೆದಿತ್ತು.

ನೀವು ಹೇಳಿದ ಎರಡು ಚಮಚ ಅಂದ್ರೆ ಸುಮಾರು 15 ಗ್ರಾಂ. ಅದರಲ್ಲಿ 8 ಗ್ರಾಂ ಪ್ರೋಟೀನ್ ಬಂತು ಅಂತಿಟ್ಟುಕೊಳ್ಳಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. ಕೆಟ್ಟ ಸಂಖ್ಯೆಯೇನಲ್ಲ. ಜಿಮ್‌ಗೆ ಹೋಗುವವರು ಬದುಕೇ ಬದಲಾಗುತ್ತದೆ ಅಂದುಕೊಳ್ಳುವಷ್ಟು ದೊಡ್ಡದೂ ಅಲ್ಲ.

ಹಾಗಂತ ಹುಳುವಿನ ಪ್ರೋಟೀನ್ ಕಳಪೆ ಅಂತ ದಯವಿಟ್ಟು ತಿಳಿಯಬೇಡಿ. ದೇಹಕ್ಕೆ ಬೇಕೇಬೇಕಾದ ಅಮೈನೋ ಆಮ್ಲಗಳೆಲ್ಲ ಅದರಲ್ಲಿ ಇವೆ. ಸಾಮಾನ್ಯವಾಗಿ ಕೊರತೆ ಬೀಳುವುದು ಗಂಧಕ ಇರುವ ಮೆಥಿಯೋನಿನ್, ಸಿಸ್ಟೀನ್‌ಗಳಲ್ಲಿ. ಲೈಸಿನ್ ಮಾತ್ರ ಹಲವು ಜಾತಿಗಳಲ್ಲಿ ಚೆನ್ನಾಗಿದೆ, ಧಾನ್ಯಗಳಲ್ಲಿ ಕಡಿಮೆ ಇರುವುದೂ ಅದೇ. ಹಾಗಾಗಿ ಬರೀ ಧಾನ್ಯವನ್ನೇ ನೆಚ್ಚಿಕೊಂಡವರ ಊಟಕ್ಕೆ ಒಂದು ಹಿಡಿ ಹುಳು ಸೇರಿದರೆ ನಿಜವಾಗಿಯೂ ಒಳ್ಳೆಯದಾಗುತ್ತದೆ. ಹುಳು ತಿನ್ನುವವರನ್ನು ಕಂಡು ಮುಖ ಸಿಂಡರಿಸುವವರ ಬಗ್ಗೆ ನನಗೆ ಬೇಸರವಿದೆ. ಇದು ಹಳೆಯ, ಸತ್ವವುಳ್ಳ ಆಹಾರ. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೊರತಂದ ವರದಿಯಲ್ಲಿ, ಜನ ತಿನ್ನುವ ಕೀಟ ಜಾತಿಗಳು 1900ಕ್ಕೂ ಹೆಚ್ಚು ಅಂತ ಇದೆ. ಅಷ್ಟು ಜಾತಿ ಇರುವಾಗ "ಹುಳುವಿನ ಪೋಷಕಾಂಶ" ಅಂತ ಒಂದೇ ಮಾತಿನಲ್ಲಿ ಹೇಳುವುದೇ ಕಷ್ಟ. ಹಸಿ ಮೀಲ್‌ವರ್ಮ್‌ನಲ್ಲಿ 100 ಗ್ರಾಂಗೆ 13 ಗ್ರಾಂ ಕೊಬ್ಬು ಇದ್ದರೆ, ಬೆಳೆದ ಕ್ರಿಕೆಟ್ ಹುಳುವಿನಲ್ಲಿ ಅದರ ಅರ್ಧ. ರೇಷ್ಮೆ ಹುಳುವಿನ ಪ್ಯೂಪಾದ (ಗೂಡಿನೊಳಗೆ ಇರುವ ಹಂತ) ಎಣ್ಣೆಯಲ್ಲಿ ಸಸ್ಯಮೂಲದ ಒಮೆಗಾ-3 ಬೇಕಾದಷ್ಟಿದೆ. ಅದೇ ಜಾತಿಯ ಹುಳುವಿಗೆ ಮೇವು ಬದಲಿಸಿದರೆ ಸಂಖ್ಯೆಗಳೂ ಬದಲಾಗುತ್ತವೆ.

ಈಗ ನಿಮ್ಮ ನಿಜವಾದ ಚಿಂತೆ, ರಕ್ತಹೀನತೆ. ಬೆಳೆದ ಕ್ರಿಕೆಟ್ ಹುಳುವಿನಲ್ಲಿ ಒಣ ತೂಕದ 100 ಗ್ರಾಂಗೆ ಸುಮಾರು 6 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಮೇವಿನ ಪ್ರಕಾರ ಹೆಚ್ಚುಕಮ್ಮಿ. ನಿಮ್ಮ 15 ಗ್ರಾಂನಲ್ಲಿ ಸುಮಾರು 1 ಮಿಲಿಗ್ರಾಂ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಿಗೆ ಅಮೆರಿಕದ ಶಿಫಾರಸೇ ದಿನಕ್ಕೆ 18 ಮಿಲಿಗ್ರಾಂ. ಅದೂ ಅಲ್ಲದೆ ಮಾಂಸದ ಕಬ್ಬಿಣ ಬೇರೆ, ಹುಳುವಿನದ್ದು ಬೇರೆ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಹೆಚ್ಚಿನ ಹುಳುಗಳಿಗೆ ಅದು ಬೇಕಾಗಿಯೇ ಇಲ್ಲ, ಮೈಯೊಳಗೆ ಹರಡಿರುವ ಸಣ್ಣ ಸಣ್ಣ ಗಾಳಿ ನಳಿಕೆಗಳಿಂದ ಆಮ್ಲಜನಕ ನೇರವಾಗಿ ಅಂಗಾಂಗಗಳಿಗೆ ತಲುಪುತ್ತದೆ. ಹಾಗಾಗಿ ಕರುಳು ಸಲೀಸಾಗಿ ಹೀರಿಕೊಳ್ಳುವ ಹೀಮ್ ಕಬ್ಬಿಣ ಹುಳುವಿನಲ್ಲಿ ಬಹಳ ಕಡಿಮೆ. ಇರುವುದು ಸೊಪ್ಪು, ಕಾಳುಗಳಲ್ಲಿ ಇರುವಂಥ ಬಗೆ. ಜೊತೆಗೆ ಚಹಾ ಕುಡಿದರೆ ಹೀರುವುದು ಕಡಿಮೆ, ಹುಳಿ ಹಣ್ಣು ತಿಂದರೆ ಜಾಸ್ತಿ.

ಬಿ12 ಕಥೆಯೂ ಸ್ವಲ್ಪ ಹಾಗೇ. ಕ್ರಿಕೆಟ್ ಹುಳುವಿನಲ್ಲಿ ಚೆನ್ನಾಗಿದೆ ಅಂತ ಪರೀಕ್ಷೆಗಳು ತೋರಿಸುತ್ತವೆ, ಆದರೆ ಅದರಲ್ಲಿ ಒಂದು ಪಾಲು ಬಿ12 ಹಾಗೆಯೇ ಕಾಣುವ, ನಮ್ಮ ದೇಹಕ್ಕೆ ಪ್ರಯೋಜನವಿಲ್ಲದ ವಸ್ತು ಅಂತ ಗೊತ್ತಾಗಿದೆ. ಮೀಲ್‌ವರ್ಮ್‌ನಲ್ಲಂತೂ ಬಿ12 ತೀರಾ ಕಡಿಮೆ. ಸತು ಮಾತ್ರ ಒಳ್ಳೆಯ ಪ್ರಮಾಣದಲ್ಲೇ ಇದೆ. ಕ್ಯಾಲ್ಸಿಯಂ ಮಾತು ಮರೆತುಬಿಡಿ. ಏಡಿಯ ಚಿಪ್ಪಿನ ಹಾಗೆ ಹುಳುವಿನ ಕವಚದಲ್ಲಿ ಸುಣ್ಣದ ಅಂಶ ತುಂಬಿರುವುದಿಲ್ಲ. ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳುವಿನಂಥ ಕೆಲವನ್ನು ಬಿಟ್ಟರೆ ಉಳಿದವುಗಳಲ್ಲಿ ಕ್ಯಾಲ್ಸಿಯಂ ಕಡಿಮೆಯೇ.

ನಾನು ಇಷ್ಟು ವರ್ಷ ಪಥ್ಯದ ಸಲಹೆ ಕೊಡುತ್ತಾ ಬಂದಿದ್ದೇನೆ. 10.4 ಹಿಮೋಗ್ಲೋಬಿನ್ ಇಟ್ಟುಕೊಂಡು ಪುಡಿ, ಲೇಹ್ಯ, ಜ್ಯೂಸ್ ಅಂತ ಒಂದು ವರ್ಷ ಕಳೆದು ಆಮೇಲೆ ಬರುವವರನ್ನು ಕಂಡಾಗಲೆಲ್ಲ ನನಗೆ ಸಂಕಟ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ, ಗರ್ಭಿಣಿಯಲ್ಲದ ಹೆಣ್ಣಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 8ರಿಂದ 10.9 ಇದ್ದರೆ ಮಧ್ಯಮ ಪ್ರಮಾಣದ್ದು. ನಿಮ್ಮದು ಅಲ್ಲಿದೆ. ಮೊದಲು ಫೆರಿಟಿನ್ ಪರೀಕ್ಷೆ ಮಾಡಿಸಿ. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಅದು ಹೇಳುತ್ತದೆ. ಜೊತೆಗೆ ಬಿ12 ಕೂಡ ನೋಡಲಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯಾ, ಹೊಟ್ಟೆಯಲ್ಲಿ ಏನಾದರೂ ತೊಂದರೆ ಇದೆಯಾ, ಇದನ್ನೆಲ್ಲ ವೈದ್ಯರಿಗೆ ಮುಜುಗರ ಇಲ್ಲದೆ ಹೇಳಿ. ಕಾರಣ ಕಬ್ಬಿಣದ ಕೊರತೆಯೇ ಆಗಿದ್ದರೆ ವೈದ್ಯರು ಮಾತ್ರೆ ಕೊಡುತ್ತಾರೆ. ಸಾಮಾನ್ಯವಾಗಿ ಬಳಸುವ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಎರಡು ಚಮಚ ಪುಡಿಯ 1 ಮಿಲಿಗ್ರಾಂ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ರಕ್ತಹೀನತೆ ಒಮ್ಮೆ ಬಂದ ಮೇಲೆ ಊಟವೊಂದರಿಂದಲೇ, ಅದು ಯಾವ ಊಟವಾದರೂ ಸರಿ, ಬೇಗ ಸರಿಪಡಿಸುವುದು ಕಷ್ಟ.

ಹೊಟ್ಟೆಗೆ ಹುಳುವಿನ ಕವಚ ಜೀರ್ಣವಾಗಲ್ಲ, ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವ ಭಯವೂ ಬಹಳ ಜನರಿಗಿದೆ, ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕೈಟಿನ್ ಒಡೆಯುವ ಒಂದು ಕಿಣ್ವ ನಮ್ಮ ಜಠರದಲ್ಲೂ ಇದೆ, ಕೆಲವರಲ್ಲಿ ಚುರುಕು, ಕೆಲವರಲ್ಲಿ ಮಂದ. ಒಡೆಯದೆ ಉಳಿದದ್ದು ನಾರಿನ ಹಾಗೆ ಸಾಗಿಹೋಗುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ಜನ ಆರೋಗ್ಯವಂತರು ಎರಡು ವಾರ ದಿನಕ್ಕೆ 25 ಗ್ರಾಂ ಕ್ರಿಕೆಟ್ ಪುಡಿ ತಿಂದರು. ತೊಂದರೆ ಏನೂ ಆಗಲಿಲ್ಲ, ಕರುಳಿನಲ್ಲಿ ಒಂದು ಜಾತಿಯ ಒಳ್ಳೆಯ ಬ್ಯಾಕ್ಟೀರಿಯಾ ಜಾಸ್ತಿಯಾಯಿತು. 20 ಜನ, ಎರಡು ವಾರ, ಇದರ ಮೇಲೆ ದೊಡ್ಡ ಮಾತು ಕಟ್ಟುವುದು ಬೇಡ. ಸಿಕ್ಕಿಕೊಳ್ಳುವ ಭಯಕ್ಕೆ ಕಾರಣ ಇರುವುದು ಬೇರೆ ಕಡೆ: ದೊಡ್ಡ ಮಿಡತೆಯನ್ನು ಮುಳ್ಳುಕಾಲು ತೆಗೆಯದೆ ಹಾಗೇ ಜಾಸ್ತಿ ತಿಂದವರಿಗೆ ಮಲ ಕಟ್ಟಿಕೊಂಡದ್ದುಂಟು. ಅದಕ್ಕೇ ಕಾಲು, ರೆಕ್ಕೆ ಕಿತ್ತು ಬೇಯಿಸಬೇಕು.

ಮಿಡತೆ ಅಂದ ಕೂಡಲೇ ನಿಮ್ಮ ಹೊಲದ ಯೋಚನೆಗೆ ಬರುತ್ತೇನೆ. ಅದನ್ನು ಪೂರ್ತಿ ಕೈಬಿಡಿ. ಹೊಲದ ಮಿಡತೆ ಏನು ತಿಂದಿದೆ ಅಂತ ಹಿಡಿದವರಿಗೆ ಗೊತ್ತಿರುವುದಿಲ್ಲ. ನಿನ್ನೆ ಕೀಟನಾಶಕ ಹೊಡೆದ ಬೆಳೆಯನ್ನೇ ತಿಂದಿರಬಹುದು. ಸತ್ತಿಲ್ಲ ಅಂದ ಮಾತ್ರಕ್ಕೆ ಮೈಯಲ್ಲಿ ವಿಷ ಇಲ್ಲ ಅಂತಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮಾಂಟೆರಿ ಕೌಂಟಿಯಲ್ಲಿ ಮಕ್ಕಳ ರಕ್ತದಲ್ಲಿ ಸೀಸ ಕಾಣಿಸಿಕೊಂಡು, ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ, ಮೆಕ್ಸಿಕೋದ ವಹಾಕಾದಿಂದ ತರಿಸಿಕೊಂಡ ಒಣ ಮಿಡತೆಯಲ್ಲಿ ಸೀಸ ಸಿಕ್ಕಿತು. ಕೆಲವು ಹುಳುಗಳಲ್ಲಿ ಸ್ವಂತದ್ದೇ ಅಪಾಯ ಇರುತ್ತದೆ. ನೈಜೀರಿಯಾದಲ್ಲಿ ತಿನ್ನುವ ಅನಾಫೆ ಅನ್ನುವ ಕಾಡು ರೇಷ್ಮೆ ಹುಳುವಿನಲ್ಲಿ ಬಿ1 ವಿಟಮಿನ್ ಅನ್ನು ನಾಶ ಮಾಡುವ ಕಿಣ್ವ ಇದೆ. ಮೊದಲೇ ಬಿ1 ಕೊರತೆ ಇದ್ದವರು ಅದನ್ನು ತಿಂದು, ಆ ಹುಳು ಸಿಗುವ ಋತುವಿನಲ್ಲಿ ನಡೆಯಲಾಗದೆ ತೂರಾಡುವ ಕಾಯಿಲೆಗೆ ಬಿದ್ದದ್ದು ವೈದ್ಯರ ದಾಖಲೆಯಲ್ಲಿದೆ. ಹುಳು ಅಂದ್ರೆ ಎಲ್ಲವೂ ತಿನ್ನುವಂಥದ್ದಲ್ಲ, ಅಣಬೆಯ ಹಾಗೆ, ಜಾತಿ ಗೊತ್ತಿರಬೇಕು.

ಮನೆಯಲ್ಲಿ ಮೀಲ್‌ವರ್ಮ್ ಸಾಕುವುದು ಹೊಲದಿಂದ ಹಿಡಿಯುವುದಕ್ಕಿಂತ ಎಷ್ಟೋ ವಾಸಿ, ಮೇವು ನಮ್ಮ ಕೈಯಲ್ಲಿರುತ್ತದೆ. ಆದರೆ ನಿಮಗೆ ಅದೂ ಬೇಡ. ಸಿಗಡಿ ಅಲರ್ಜಿಯೇ ಇಲ್ಲದವರಿಗೂ, ದಿನಾ ಈ ಹುಳು ಸಾಕುತ್ತಾ ಅದರ ಧೂಳು ಉಸಿರಾಡಿ, ಮೀಲ್‌ವರ್ಮ್ ಅಲರ್ಜಿ ಹೊಸದಾಗಿ ಶುರುವಾದ ಉದಾಹರಣೆಗಳಿವೆ. ಅಲರ್ಜಿ ಇಲ್ಲದ ಬೇರೆ ಓದುಗರು ಸಾಕುವುದಾದರೆ ಒಂದು ಮಾತು. ಹುಳುವನ್ನು ನಾವು ಹೊಟ್ಟೆ, ಕರುಳು ಸಮೇತ ತಿನ್ನುತ್ತೇವೆ. ಅದಕ್ಕೆ ಒಂದು ದಿನ ಮೇವು ಕೊಡದೆ ಹೊಟ್ಟೆ ಖಾಲಿ ಮಾಡಿಸಿ, ಆಮೇಲೆ ಕುದಿಯುವ ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಅದಾದ ಮೇಲೆಯೇ ಒಣಗಿಸುವುದೋ ಹುರಿಯುವುದೋ ಮಾಡಬೇಕು. ಸುಮ್ನೆ ಬಿಸಿಲಿಗೆ ಒಣಗಿಸಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಬೇಯಿಸಿದರೂ ಕೆಲವು ಬ್ಯಾಕ್ಟೀರಿಯಾಗಳು ಬೀಜದ ಹಾಗೆ ಗಟ್ಟಿಯಾಗಿ ಉಳಿದು, ತೇವ ಸಿಕ್ಕ ಕೂಡಲೇ ಮತ್ತೆ ಚಿಗುರುತ್ತವೆ. ಬೇಯಿಸಿದ ಹುಳುವನ್ನು ಹೊರಗೆ ಇಡಬೇಡಿ, ಒಣಗಿಸಿದ್ದಾದರೆ ತೇವ ತಾಗದ ಹಾಗೆ ಮುಚ್ಚಿಡಿ. ಗೌಟ್ (ಕೀಲು ಊದಿ ನೋಯುವ ಕಾಯಿಲೆ) ಇರುವವರು, ಯೂರಿಕ್ ಆಸಿಡ್ ಜಾಸ್ತಿ ಇರುವವರು ಮಾಂಸಕ್ಕೆ ಪಾಲಿಸುವ ಪಥ್ಯವನ್ನೇ ಹುಳುವಿಗೂ ಪಾಲಿಸಬೇಕು. ಗೋಧಿಯ ಗ್ಲುಟನ್ ಆಗದವರು ಹುಳುವಿನ ಮೇವು ಏನು ಅಂತ ಕೇಳಿ ತಿಳಿದುಕೊಳ್ಳಬೇಕು. ಗೋಧಿಯ ತೌಡು ತಿಂದ ಹುಳುವಿನ ಹೊಟ್ಟೆಯಲ್ಲಿ ಗ್ಲುಟನ್ ಉಳಿದಿರಬಹುದು.

ಕೊನೆಗೆ ಮಗನ ವಿಷಯ. ಗೊತ್ತಾಗದ ಹಾಗೆ ಬೆರೆಸುವುದು ಬೇಡವೇ ಬೇಡ, ಇದನ್ನು ತಾಯಂದಿರಿಗೆ ನಾನು ಕೈಮುಗಿದು ಹೇಳುತ್ತೇನೆ. ಮಗುವಿಗೆ ಅಲರ್ಜಿ ಬಂದರೆ, ನೋಡಿಕೊಳ್ಳುತ್ತಿರುವವರಿಗೆ ಅವನು ಏನು ತಿಂದ ಅಂತ ಗೊತ್ತಿರಬೇಕು. ಶಾಲೆಯಲ್ಲಿ ಮುಖ ಊದಿಕೊಂಡರೆ ಅಲ್ಲಿಯವರಿಗೆ ಏನು ಅಂದಾಜಾಗುತ್ತೆ ಹೇಳಿ? ಅಲರ್ಜಿ ಇರುವ ತಾಯಿಯ ಮಕ್ಕಳಲ್ಲಿ ಅಲರ್ಜಿಯ ಸಾಧ್ಯತೆ ಸ್ವಲ್ಪ ಜಾಸ್ತಿ. ಅವನಿಗೆ ಆಸ್ತಮಾ, ಇಸುಬು, ಧೂಳಿಗೆ ಸೀನು ಇದೆಯಾ ಅಂತ ನೀವು ಬರೆದಿಲ್ಲ, ಇದ್ದರೆ ಇನ್ನೂ ಎಚ್ಚರ ಬೇಕು. ಇದಕ್ಕಿಂತ ಮುಖ್ಯವಾಗಿ, ಊಟ ಮಾಡದ ಮಗುವಿಗೆ ಎರಡು ಚಮಚ ಪುಡಿ ಉತ್ತರವಲ್ಲ. ಅವನ ಎತ್ತರ, ತೂಕ ಅಳೆಸಿ ಮಕ್ಕಳ ವೈದ್ಯರಿಗೆ ತೋರಿಸಿ. ಬೆಳವಣಿಗೆ ಸರಿಯಾಗಿದ್ದರೆ ಅವನ ಹಸಿವಿಗೆ ಅವನೇ ಯಜಮಾನ, ಬಿಡಿ. ಸರಿಯಿಲ್ಲದಿದ್ದರೆ ಕಾರಣ ಹುಡುಕಬೇಕು.

ನಿಮಗೆ ನಿಜವಾಗಿಯೂ ಹುಳು ತಿನ್ನುವ ಆಸೆ ಇದ್ದರೆ ದಾರಿ ಮುಚ್ಚಿಲ್ಲ. ಅಲರ್ಜಿ ವೈದ್ಯರು ಚರ್ಮದ ಮೇಲೆ ಚುಚ್ಚಿ ಪರೀಕ್ಷೆ ಮಾಡುತ್ತಾರೆ, ರಕ್ತವನ್ನೂ ನೋಡುತ್ತಾರೆ, ಬೇಕಾದರೆ ಆಸ್ಪತ್ರೆಯಲ್ಲೇ ಕೂರಿಸಿ ಚೂರು ಚೂರಾಗಿ ತಿನ್ನಿಸಿ ನೋಡುತ್ತಾರೆ. ಹತ್ತು ವರ್ಷದ ಹಿಂದಿನದ್ದು ನಿಜವಾಗಿ ಸಿಗಡಿಯದ್ದೇ ಅಲರ್ಜಿಯೋ, ಜೊತೆಗಿದ್ದ ಬೇರೆ ಯಾವುದರದ್ದೋ ಅನ್ನುವುದೂ ಆಗ ತಿಳಿಯುತ್ತದೆ. ಹೋಗುವಾಗ ಪ್ಯಾಕೆಟ್ ಜೊತೆಗೆ ತೆಗೆದುಕೊಂಡು ಹೋಗಿ. ಅದರಲ್ಲಿ ಹುಳುವಿನ ಪೂರ್ತಿ ಹೆಸರು ಇರಬೇಕು, ಸಿಗಡಿ, ಏಡಿ, ಧೂಳಿನ ಮೈಟ್ ಅಲರ್ಜಿ ಇರುವವರಿಗೆ ಎಚ್ಚರಿಕೆಯೂ ಇರಬೇಕು. ಯುರೋಪಿನಲ್ಲಿ 2021ರಿಂದ ಒಪ್ಪಿಗೆ ಕೊಟ್ಟ ಹುಳುಗಳಿಗೆಲ್ಲ ಈ ಎಚ್ಚರಿಕೆ ಕಡ್ಡಾಯ. ನಿಮ್ಮ ಪ್ಯಾಕೆಟ್ ಮೇಲೆ ಅದು ಇಲ್ಲದಿದ್ದರೆ ಗೆಳತಿಗೂ ತಿಳಿಸಿ, ಅವಳು ಬೇರೆ ಯಾರಿಗೆಲ್ಲ ಕೊಟ್ಟಿದ್ದಾಳೋ. ಫೆರಿಟಿನ್ ವರದಿ ಬಂದ ಮೇಲೆ ಸಂಖ್ಯೆ ಸಮೇತ ನನಗೆ ಬರೆಯಿರಿ, ನೀವು ದಿನಾ ಏನೇನು ತಿನ್ನುತ್ತೀರಿ ಅನ್ನುವುದನ್ನೂ ಸೇರಿಸಿ, ಊಟದಲ್ಲಿ ಏನು ಬದಲಿಸಬಹುದು ಅಂತ ಆಗ ನೋಡೋಣ.